ತಲೆಯ ಹತ್ತಿರ ಕೂತವಳು

ಮಳೆಗಾಲದ ಒಂದು ಸಂಜೆ ಅಕ್ಕನನ್ನು ಹೆರಿಗೆಗೆಂದು ಜೀಪಿನಲ್ಲಿ ಕರೆದುಕೊಂಡು ಹೋದೆವು. ಆಪರೇಷನ್ ಮಾಡುವ ಡಾಕ್ಟರು ಇದ್ದರು, ಥಿಯೇಟರಿನ ದೀಪವೂ ಉರಿಯುತ್ತಿತ್ತು. ‘ಅನಸ್ತೇಶಿಯಾ ಡಾಕ್ಟ್ರು ರಜೆ ಮೇಲಿದಾರೆ, ಮಂಗಳೂರಿಗೆ ಕರ್ಕೊಂಡು ಹೋಗಿ’ ಅಂದರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜಿನಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಅಕ್ಕ, ಮಗು ಇಬ್ಬರೂ ಉಳಿದರು. ಆದರೆ ಕತ್ತರಿ ಹಿಡಿಯುವವರಿದ್ದೂ ರೋಗಿಯ ತಲೆಯ ಹತ್ತಿರ ಕೂರುವವರಿಲ್ಲದಿದ್ದರೆ ಆಸ್ಪತ್ರೆಯೇ ಕೈಚೆಲ್ಲುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಆ ಕುರ್ಚಿಯ ಚರಿತ್ರೆಯನ್ನು ಹುಡುಕಿ ಓದತೊಡಗಿದ್ದು ಆಮೇಲೆ.

1846ರಲ್ಲಿ ಬೋಸ್ಟನ್ನಿನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದರು. ಮರುವರ್ಷ ಕ್ಲೋರೋಫಾರ್ಮ್ ಬಂತು. 1848ರ ಜನವರಿಯಲ್ಲೇ ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಎಂಬ 15ರ ಹುಡುಗಿ, ಕಾಲುಗುರು ತೆಗೆಸಿಕೊಳ್ಳಲು ಮಲಗಿದವಳು, ಮತ್ತೆ ಏಳಲಿಲ್ಲ. ಮೊದಲು ನಿಲ್ಲುವುದು ಉಸಿರೋ, ಹೃದಯವೋ? ವೈದ್ಯರು ದಶಕಗಟ್ಟಲೆ ಜಗಳವಾಡಿದರು. ಈ ಜಗಳದ ಒಂದು ಅಧ್ಯಾಯ ನಮಗೆ ದೂರದ್ದಲ್ಲ. ಆಗ ಕಲಬುರಗಿ, ಬೀದರ್, ರಾಯಚೂರುಗಳನ್ನೂ ಆಳುತ್ತಿದ್ದ ನಿಜಾಮರ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂತವು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಉಸಿರನ್ನು ನೋಡಿಕೊಂಡರೆ ಸಾಕು, ನಾಡಿ ಹಿಡಿಯಬೇಕಿಲ್ಲ ಎಂದರು ಎಡ್ವರ್ಡ್ ಲಾರಿ. ಹೃದಯವೂ ತಟ್ಟನೆ ಕೈಕೊಡಬಲ್ಲದು ಎಂಬುದು ಲೀವಿ ಎಂಬ ವೈದ್ಯರ ಪ್ರಯೋಗಗಳಿಂದ ಖಚಿತವಾಗಲು 1911 ಬರಬೇಕಾಯಿತು.

ಆಯೋಗ, ಪ್ರಯೋಗಶಾಲೆ ಯಾವುದೂ ಇಲ್ಲದೆ ಈ ಕೆಲಸ ಮಾಡಿದವಳು ಆಲಿಸ್ ಮಗಾ. ಅಮೆರಿಕದ ಮಿನ್ನೆಸೋಟಾದಲ್ಲಿ, ಮೇಯೊ ಸಹೋದರರ ಆಸ್ಪತ್ರೆಯ ನರ್ಸ್. ಬಟ್ಟೆಯ ಮುಖವಾಡದ ಮೇಲೆ ಈಥರನ್ನು ಹನಿಹನಿಯಾಗಿ ಬಿಡುತ್ತಿದ್ದಳು. ರೋಗಿಯನ್ನು ಒತ್ತಿ ಹಿಡಿಯುವುದಕ್ಕಿಂತ ಮಾತಾಡಿಸುತ್ತ ನಿದ್ದೆಗೆ ಇಳಿಸಿದರೆ ಔಷಧ ಕಡಿಮೆ ಸಾಕು ಎಂದು ಕಂಡುಕೊಂಡಳು. ಮುಖ್ಯವಾಗಿ, ಲೆಕ್ಕ ಇಟ್ಟಳು. 14,000ಕ್ಕೂ ಹೆಚ್ಚು ಸಲ ಅರಿವಳಿಕೆ ಕೊಟ್ಟದ್ದರಲ್ಲಿ, ಅದರಿಂದಲೇ ಆದ ಸಾವು ಒಂದೂ ಇಲ್ಲ ಎಂದು 1906ರಲ್ಲಿ ಲೇಖನ ಪ್ರಕಟಿಸಿದಳು. ನರ್ಸೊಬ್ಬಳು ವೈದ್ಯಕೀಯ ಪತ್ರಿಕೆಯಲ್ಲಿ ಬರೆಯುವುದು ಆಗ ಸಣ್ಣ ಸಂಗತಿಯಲ್ಲ. ಅವಳ ದಾರಿಯಲ್ಲಿ ನಡೆದವರು 1931ರಲ್ಲಿ ಸಂಘ ಕಟ್ಟಿದರು. 2022ರಿಂದ ಅಲ್ಲಿ ಈ ವೃತ್ತಿಗೆ ಹೊಸದಾಗಿ ಸೇರುವವರು ಡಾಕ್ಟರೇಟ್ ಮಟ್ಟದ ಓದನ್ನೇ ಓದಬೇಕು.

ನಮ್ಮಲ್ಲಿ ಆ ಕುರ್ಚಿ ಡಾಕ್ಟರುಗಳಿಗೆ ಮಾತ್ರ. ಅವರು ಸಾಲದೆ, ಎಂಬಿಬಿಎಸ್ ಓದಿದವರಿಗೇ 18 ವಾರದ ತರಬೇತಿ ಕೊಟ್ಟು ಹೆರಿಗೆಯ ತುರ್ತಿಗೆ ಸಿದ್ಧಮಾಡುವ ಸರ್ಕಾರಿ ಯೋಜನೆ ಬಂತು. ನರ್ಸುಗಳನ್ನೇ ಕೂರಿಸಿ ಎಂದು ನಾನು ಹೇಳುತ್ತಿಲ್ಲ, ಅದು ತಿಳಿದವರ ಮಾತು. ಆದರೆ ಕಳಸದಿಂದಲೋ ಬಾಳೂರಿನಿಂದಲೋ ರಾತ್ರಿ ಹೊತ್ತು ಹೊರಟ ಬಸುರಿ ಎಷ್ಟು ಆಸ್ಪತ್ರೆಗಳ ಬಾಗಿಲಿಗೆ ಹೋಗಿ ಮುಂದೆ ಸಾಗಿದಳು ಎಂದು, ಮಗಾಳ ಹಾಗೆ, ಯಾರಾದರೂ ಬರೆದಿಡಬೇಕಿತ್ತು.

ಆ ರಾತ್ರಿಯದ್ದು ಅಕ್ಕನಿಗೆ ಹೆಚ್ಚು ನೆನಪಿಲ್ಲ. ತಲೆಯ ಹತ್ತಿರ ಯಾರೋ ‘ಯಾವೂರಮ್ಮ ನಿಮ್ದು, ಕಾಫಿ ತೋಟ ಇದೆಯಾ’ ಅಂತ ಕೇಳಿದರಂತೆ. ಮೂಡಿಗೆರೆ ಅನ್ನುವಷ್ಟರಲ್ಲಿ ನಿದ್ದೆ.