ಗೆರೆಯ ಅರ್ಥ: ಹೊಯ್ಸಳ ತಳವಿನ್ಯಾಸಗಳನ್ನು ಮಾದರಿಯಿಂದ ನಕ್ಷೆಗೆ ಇಳಿಸುವಾಗ

ಅರಸೀಕೆರೆಯ ಈಶ್ವರ ದೇವಾಲಯದ ತೆರೆದ ಮಂಟಪದಲ್ಲಿ ನಿಂತವರ ಕಣ್ಣಿಗೆ ಮೊದಲು ಸಿಗುವುದು ಕಂಬಗಳ ಸುತ್ತು, ತಲೆಯ ಮೇಲಿನ ಗುಮ್ಮಟದಂಥ ಒಳಮಾಳಿಗೆ. ಅದರ ಕಟ್ಟಡದ ಬುದ್ಧಿವಂತಿಕೆ ಪೂರ್ತಿ ತಿಳಿಯುವುದು ತಳವಿನ್ಯಾಸದ ನಕ್ಷೆಯಲ್ಲಿ. ಮಂಟಪ 16 ಮೂಲೆಗಳ ನಕ್ಷತ್ರ. ಗರ್ಭಗುಡಿಯ ಹೊರಗೋಡೆಯೂ ನಕ್ಷತ್ರವೇ, ಆದರೆ ಅದರ ಮೂಲೆಗಳು ಒಂದೇ ಬಗೆಯವಲ್ಲ, ಮೂರು ಬಗೆಯವು. ಸುಮಾರು 1220ರ ಈ ಗುಡಿ ಗಾತ್ರದಲ್ಲಿ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಗಳ ಮುಂದೆ ಚಿಕ್ಕದು. ವಿನ್ಯಾಸದ ತೊಡಕಿನಲ್ಲಿ ಅವೆರಡಕ್ಕಿಂತ ಮುಂದಿದೆ ಎಂದೇ ನನ್ನ ಎಣಿಕೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅದರ ನಕ್ಷೆಯ ಬಗ್ಗೆ ನನಗೆ ಹೆಚ್ಚಿನ ಕಾಳಜಿ.

ಇಂಥ ಕಟ್ಟಡಗಳನ್ನು ಈಗ ಲೇಸರ್ ಅಳತೆಯಿಂದ ಹಿಡಿದು, ರೆವಿಟ್, ಆರ್ಕಿಕ್ಯಾಡ್‌ನಂಥ ತಂತ್ರಾಂಶಗಳಲ್ಲಿ ಮೂರು ಆಯಾಮದ ಮಾದರಿಯಾಗಿ ಕಟ್ಟಬಹುದು. ಆದರೆ ಕಚೇರಿಯಲ್ಲಿ, ಅಚ್ಚುಮನೆಯಲ್ಲಿ, ಕಲ್ಲುಕೆಲಸದ ಜಾಗದಲ್ಲಿ ಓಡಾಡುವುದು ಹೆಚ್ಚಾಗಿ ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಕಡತವೇ. 2010ರ ತಿದ್ದುಪಡಿ ಕಾಯಿದೆಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ. ಬೇಲೂರು, ಹಳೇಬೀಡಿನ ಗುಡಿಗಳ ಸುತ್ತಲಿನ ನಿಯಂತ್ರಿತ ವಲಯದಲ್ಲಿ ಮನೆ ಕಟ್ಟುವವರೂ ನಕ್ಷೆ ಕೊಡಲೇಬೇಕು. ಮಾದರಿಯಿಂದ ನಕ್ಷೆಗೆ ಇಳಿಯುವ ಈ ಮೆಟ್ಟಿಲಿನಲ್ಲಿ ಅಳತೆ ಸಾಮಾನ್ಯವಾಗಿ ಕೆಡುವುದಿಲ್ಲ. ಕೆಡುವುದು ನಕ್ಷೆಯ ನೋಟ: ಗೆರೆಯ ದಪ್ಪ, ತುಂಡುಗೆರೆಯ ಬಿಡುವು, ಗೋಡೆಗೆ ತುಂಬಿದ ಛಾಯೆ, ಅಕ್ಷರ. ಇದನ್ನು ಅಂದಚಂದದ ವಿಷಯವೆಂದು ಬದಿಗಿಡುವುದು ತಪ್ಪು ಎಂಬುದೇ ಈ ಲೇಖನದ ವಾದ. ನಕ್ಷೆಯಲ್ಲಿ ದಪ್ಪ ಗೆರೆ ಎಂದರೆ ಕತ್ತರಿಸಿದ ಕಲ್ಲು, ತೆಳು ಗೆರೆ ಎಂದರೆ ಆಚೆ ಕಾಣುವ ಕಲ್ಲು, ತುಂಡುಗೆರೆ ಎಂದರೆ ತಲೆಯ ಮೇಲಿರುವುದು. ನೋಟ ಕೆಟ್ಟರೆ ಕೆಡುವುದು ಅರ್ಥ.

ಒಂದು ವೃತ್ತದ ಉದಾಹರಣೆ ಸಾಕು. ಬೇಲೂರಿನ ನವರಂಗದ, ಅಂದರೆ ಗುಡಿಯ ನಡುಮಂಟಪದ, ಮಧ್ಯೆ ನೆಲದಲ್ಲಿ ದುಂಡನೆಯ ಕಲ್ಲಿನ ವೇದಿಕೆಯಿದೆ. ಅದರ ನೇರ ಮೇಲೆ ಭುವನೇಶ್ವರಿ, ಉಂಗುರ ಉಂಗುರವಾಗಿ ಏರುವ ಒಳಮಾಳಿಗೆ. ನಕ್ಷೆಯಲ್ಲಿ ವೇದಿಕೆಗೆ ಅಖಂಡ ವೃತ್ತ, ಮೇಲಿನ ಉಂಗುರಗಳಿಗೆ ತುಂಡುಗೆರೆಯ ವೃತ್ತ. ಮಾದರಿಯ ತಂತ್ರಾಂಶ ತುಂಡುಗೆರೆಯನ್ನು ಕಾಗದದ ಅಳತೆಯಲ್ಲಿ ಎಣಿಸುತ್ತದೆ: ಒಂದೊಂದು ತುಂಡು, ಹೇಳೋಣ, 3 ಮಿಲಿಮೀಟರು. ಆಟೋಕ್ಯಾಡ್‌ನ ಮಾದರಿ ಅಂಗಳದಲ್ಲಿ ಕಟ್ಟಡ ನಿಜಗಾತ್ರದಲ್ಲಿರುತ್ತದೆ. 1:100ರ ನಕ್ಷೆಗೆ ಅದೇ ತುಂಡು ಅಲ್ಲಿ 300 ಮಿಲಿಮೀಟರು ಇರಬೇಕು. ಮಾದರಿಯಿಂದ ಡಿಡಬ್ಲ್ಯೂಜಿಗೆ ರಫ್ತು ಮಾಡುವ ಹೊತ್ತಿಗೆ ಈ ಪ್ರಮಾಣ ಹೊಂದಿಸದಿದ್ದರೆ ತುಂಡುಗಳು ಒಂದಕ್ಕೊಂದು ಕೂಡಿಕೊಂಡು ಅಖಂಡ ಗೆರೆಯಂತೆ ಅಚ್ಚಾಗುತ್ತವೆ. ಮಾಳಿಗೆಯ ಉಂಗುರ ನೆಲಕ್ಕಿಳಿದು ಇನ್ನೊಂದು ವೇದಿಕೆಯ ಮೆಟ್ಟಿಲಾಗುತ್ತದೆ. ಕಟ್ಟಡವನ್ನು ಕಾಣದ ಓದುಗ ಅದನ್ನು ನಂಬುತ್ತಾನೆ. ನಂಬದಿರಲು ಅವನಿಗೆ ಯಾವ ಕಾರಣವೂ ಇಲ್ಲ.

ಗೆರೆಯ ದಪ್ಪದ್ದು ಇನ್ನೂ ಸೂಕ್ಷ್ಮ. ರೆವಿಟ್‌ನಲ್ಲಿ 16 ಲೇಖನಿಗಳಿವೆ. ನಕ್ಷೆಯ ಪ್ರಮಾಣ ಬದಲಾದಂತೆ ಅದೇ ಲೇಖನಿಯ ದಪ್ಪವೂ ಬದಲಾಗುತ್ತದೆ. ಆಟೋಕ್ಯಾಡ್‌ನಲ್ಲಿ 0ಯಿಂದ 2.11 ಮಿಲಿಮೀಟರಿನವರೆಗೆ 24 ಸ್ಥಿರ ದಪ್ಪಗಳು. ನಡುವಿನದು ಹತ್ತಿರದ ದಪ್ಪಕ್ಕೆ ಇಳಿಯಲೇಬೇಕು. ಒಂದು ನಕ್ಷತ್ರದ ಮೇಲೆ ಇದರ ಪರಿಣಾಮ ನೋಡೋಣ: ನಾಲ್ಕು ಚೌಕಗಳನ್ನು 22.5 ಡಿಗ್ರಿಯಂತೆ ತಿರುಗಿಸಿ ಒಂದರ ಮೇಲೊಂದಿಟ್ಟರೆ 16 ಮೂಲೆಯ ನಕ್ಷತ್ರ ಬರುತ್ತದೆ. ನಡುವಿನಿಂದ ತುದಿಗೆ 5 ಮೀಟರು ಎಂದು ಎಣಿಸಿದರೆ ಒಳಗಿನ ಕೋನಕ್ಕೆ ಸುಮಾರು 4.25 ಮೀಟರು, ತುದಿಯಿಂದ ಒಳಕೋನಕ್ಕೆ ಹೋಗುವ ಒಂದು ಬದಿಯ ಉದ್ದ ಸುಮಾರು 1.17 ಮೀಟರು. 1:50ಕ್ಕೆ ಹೊಂದಿಸಿದ 0.5 ಮಿಲಿಮೀಟರಿನ ಗೆರೆಯನ್ನು ಹಾಗೆಯೇ 1:200ರಲ್ಲಿ ಅಚ್ಚು ಮಾಡಿದರೆ ಆ ಗೆರೆಯೊಂದೇ 100 ಮಿಲಿಮೀಟರು ಕಲ್ಲನ್ನು ನುಂಗುತ್ತದೆ. ದೊಡ್ಡ ತುದಿಗಳು ಉಳಿಯುತ್ತವೆ. ಅವುಗಳ ನಡುವೆ ಬಳಪದ ಕಲ್ಲಿನಲ್ಲಿ ಒಡೆದ ಚಿಕ್ಕ ಮಡಿಕೆಗಳು ಕರಗುತ್ತವೆ. ಹೊಯ್ಸಳ ಗೋಡೆಯ ನೆರಳುಬೆಳಕೆಲ್ಲ ಹುಟ್ಟುವುದು ಆ ಮಡಿಕೆಗಳಲ್ಲೇ. ಹಾಗಾಗಿ ಒಂದೇ ಕಡತವನ್ನು ಎಲ್ಲ ಪ್ರಮಾಣಕ್ಕೂ ಬಳಸದೆ, ಪ್ರಮಾಣಕ್ಕೊಂದು ನೋಟವನ್ನು ಮಾದರಿಯಿಂದಲೇ ಬೇರೆಯಾಗಿ ರಫ್ತು ಮಾಡಬೇಕು.

ಬಣ್ಣವೂ ಇಲ್ಲಿ ಬರಿಯ ಬಣ್ಣವಲ್ಲ. ಹಲವು ಕಚೇರಿಗಳ ಹಳೆಯ ರೂಢಿಯಲ್ಲಿ ಆಟೋಕ್ಯಾಡ್‌ನ 255 ಸಂಖ್ಯಾಬಣ್ಣಗಳೇ ಅಚ್ಚಿನ ದಪ್ಪವನ್ನು ನಿರ್ಧರಿಸುತ್ತವೆ. ಮಾದರಿಯಿಂದ ನಿಜಬಣ್ಣದಲ್ಲಿ ಬಂದ ಗೆರೆಗೆ ಬಣ್ಣಕ್ಕೊಂದು ದಪ್ಪ ಹೇಳುವ ಕೋಷ್ಟಕ ಅನ್ವಯಿಸುವುದಿಲ್ಲ. ಪರದೆಯಲ್ಲಿ ಸರಿಯಿದ್ದ ನಕ್ಷೆ ಕಾಗದದಲ್ಲಿ ಸಪ್ಪೆಯಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಕಡತದಲ್ಲಿ ಗೆರೆಗಳನ್ನು ಗುಂಪುಗುಂಪಾಗಿ ಇಡುವ ಪದರಗಳ ವಿಷಯಕ್ಕೆ ಬಂದರೆ, ನಕ್ಷೆಯಲ್ಲಿ ಕಾಲವನ್ನು ಕಾಪಾಡುವ ಪ್ರಶ್ನೆ ಏಳುತ್ತದೆ. ಬೇಲೂರಿನ ನವರಂಗ 1117ರ ಪ್ರತಿಷ್ಠೆಯ ಕಾಲದಲ್ಲಿ ತೆರೆದಿತ್ತು. ಜಾಲಂಧ್ರಗಳ, ಅಂದರೆ ಕಲ್ಲಿನ ಜಾಲರಿಗಳ, ಗೋಡೆ ಹೊಯ್ಸಳ ಅರಸ ಇಮ್ಮಡಿ ಬಲ್ಲಾಳನ ಕಾಲದ ಸೇರ್ಪಡೆ. ಮಾದರಿಯಲ್ಲಿ ಈ ಎರಡು ಘಟ್ಟಗಳನ್ನು ಬೇರೆ ಬೇರೆ ಗುರುತಿಸಬಹುದು, ಒಂದಕ್ಕೆ ಗಾಢ ಗೆರೆ, ಇನ್ನೊಂದಕ್ಕೆ ತಿಳಿ ಗೆರೆ ಕೊಡಬಹುದು. ರಫ್ತಿನಲ್ಲಿ ಗೋಡೆಗಳೆಲ್ಲ ಗೋಡೆಯ ಪದರಕ್ಕೆ ಬಿದ್ದರೆ ಎರಡು ತಲೆಮಾರುಗಳ ಕೆಲಸ ಒಂದೇ ದಿನದ್ದಾಗುತ್ತದೆ. ಇದಕ್ಕೆ ಪರಿಹಾರ ತಂತ್ರಾಂಶದಲ್ಲೇ ಇದೆ: ಎಲ್ಲ ಗುಣಗಳನ್ನೂ ಪದರದಂತೆ ಇಟ್ಟು, ಬದಲಾದ ನೋಟಕ್ಕೆ ಹೊಸ ಪದರ ತೆರೆಯುವ ಆಯ್ಕೆ. ಆದರೆ ಯಂತ್ರ ತಾನಾಗಿ ಕೊಡುವ ಪದರದ ಹೆಸರಿಗೆ ಇತಿಹಾಸ ಗೊತ್ತಿಲ್ಲ. ಘಟ್ಟದ ಹೆಸರನ್ನು ಪದರಕ್ಕೆ ಇಡುವವನು ಸಂಶೋಧಕ, ಅದೂ ಮಾದರಿಗೆ ಕೈಹಾಕುವ ಮೊದಲೇ.

ಊಹೆಗೂ ಇದೇ ಮಾತು. ಹೊಯ್ಸಳೇಶ್ವರಕ್ಕೆ ಇಂದು ಶಿಖರವಿಲ್ಲ. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 1876ರ ತನ್ನ ಗ್ರಂಥದಲ್ಲಿ ಹಳೇಬೀಡಿನ ಗುಡಿಯನ್ನು ಪೂರ್ಣಗೊಳಿಸಿದಂತೆ ಬರೆದ ಚಿತ್ರ ಕೊಟ್ಟ. ಚಿತ್ರದ ಹೆಸರೇ ಅದು ಕಲ್ಪಿಸಿಕೊಂಡ ನೋಟವೆಂದು ಹೇಳಿತು. ಇಂದಿನ ಮಾದರಿಯಲ್ಲಿ ಊಹಿಸಿದ ಶಿಖರವನ್ನು ಮಸುಕಾಗಿಯೋ ಪಾರದರ್ಶಕವಾಗಿಯೋ ತೋರಿಸುವುದು ರೂಢಿ. ಆ ಮಸುಕು, ಆ ಪಾರದರ್ಶಕತೆ ಗೆರೆಯ ಕಡತಕ್ಕೆ ಸಾಮಾನ್ಯವಾಗಿ ಇಳಿಯುವುದಿಲ್ಲ; ಊಹೆ ಮತ್ತು ಅಳತೆ ಒಂದೇ ಗೆರೆಯಾಗಿ ಉಳಿಯುತ್ತವೆ. ಊಹೆಗೆ ಮೊದಲಿನಿಂದಲೇ ತನ್ನದೇ ಗೆರೆಯ ಜಾತಿ, ತನ್ನದೇ ಪದರ ಬೇಕು.

ಇನ್ನು ನಮ್ಮ ಅಕ್ಷರ. ರೆವಿಟ್‌ನ ರಫ್ತಿನಲ್ಲಿ ಪಠ್ಯಕ್ಕೆ ಎರಡು ದಾರಿಗಳಿವೆ: ನೋಟವನ್ನು ಕಾಯುವುದು, ಇಲ್ಲವೇ ತಿದ್ದುವ ಅನುಕೂಲವನ್ನು ಕಾಯುವುದು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಸಾಲು ಎಲ್ಲಿ ಮುರಿಯುತ್ತದೆ ಎಂಬಷ್ಟರದು. ಕನ್ನಡದಲ್ಲಿ ಹಾಗಲ್ಲ. ಆಟೋಕ್ಯಾಡ್‌ನ ಹಳೆಯ ಗೆರೆಯಕ್ಷರಗಳಲ್ಲಿ ಒತ್ತಕ್ಷರ ಕೂಡಿಸುವ ವ್ಯವಸ್ಥೆ ಇಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಬರೆದ ಹೆಸರು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ರೋಮನ್ ಚಿಹ್ನೆಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲೇ ಬರೆದು, 2007 ಅಥವಾ ಅದರ ನಂತರದ ಕಡತ ರೂಪದಲ್ಲಿ ಉಳಿಸಿ, ಬಳಸಿದ ಅಕ್ಷರಶೈಲಿಯನ್ನು ಕಡತದ ಜೊತೆಗೇ ಕೊಡುವುದು ಕ್ಷೇಮ. ‘ಸುಕನಾಸಿ’, ‘ಕಕ್ಷಾಸನ’, ‘ಜಾಲಂಧ್ರ’ಗಳು ಈ ಕಟ್ಟಡಗಳ ಅಂಗಗಳ ಹೆಸರುಗಳು, ನಕ್ಷೆಯಲ್ಲಿ ಅವು ಕನ್ನಡದಲ್ಲೇ ಸರಿಯಾಗಿ ನಿಲ್ಲಬೇಕೆಂದು ಕೇಳುವುದು ಹಟವಲ್ಲ.

ರಫ್ತಾದ ಕಡತವನ್ನು ಪರೀಕ್ಷಿಸಲು ನಾನು ನೆಚ್ಚುವ ದಾರಿ ಸರಳ. ಮಾದರಿಯಿಂದ ನೇರವಾಗಿ ತೆಗೆದ ಪಿಡಿಎಫ್ ಒಂದು, ಡಿಡಬ್ಲ್ಯೂಜಿಯಿಂದ ಅದೇ ಪ್ರಮಾಣದಲ್ಲಿ ತೆಗೆದದ್ದು ಇನ್ನೊಂದು. ಎರಡನ್ನೂ ಕಾಗದದಲ್ಲಿ ಅಚ್ಚು ಮಾಡಿ ಬೆಳಕಿಗೆ ಹಿಡಿದು ಒಂದರ ಮೇಲೊಂದು ನೋಡುವುದು. ಪರದೆಯ ಮೇಲೆ ಎಷ್ಟು ಬೇಕಾದರೂ ಹಿಗ್ಗಿಸಬಹುದಾದ್ದರಿಂದ ಅಲ್ಲಿ ಗೆರೆಯ ದಪ್ಪ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ.

ಅರಸೀಕೆರೆಯ ಗರ್ಭಗುಡಿಗೆ ಇದೆಲ್ಲದರ ಜೊತೆ ಇನ್ನೊಂದು ಎಚ್ಚರ ಬೇಕು. ಒಂದು ಮೂಲೆಯನ್ನು ಬರೆದು ಸುತ್ತ ತಿರುಗಿಸಿ ಪ್ರತಿ ಮಾಡುವುದು ಮಾದರಿ ಕಟ್ಟುವವನಿಗೆ ಸುಲಭ. ಸೋಮನಾಥಪುರದ ವಿಮಾನಗಳ ಸಮ ನಕ್ಷತ್ರಕ್ಕೆ ಆ ದಾರಿ ಹೊಂದೀತು, ಇಲ್ಲಿ ಹೊಂದದು. ಮೂರು ಬಗೆಯ ಮೂಲೆಗಳನ್ನು ಒಂದೇ ಘಟಕದ ಅಳತೆ ಬದಲಿಸಿ ಮಾಡಿದರೆ, ರಫ್ತಿನಲ್ಲಿ ಅವು ಸಂಖ್ಯೆ ಅಂಟಿದ ಹೆಸರುಗಳ ಬ್ಲಾಕ್‌ಗಳಾಗಿ ಚದುರುತ್ತವೆ, ಯಾವುದು ಯಾವ ಬಗೆಯದೆಂದು ತಿಳಿಯುವುದಿಲ್ಲ. ಅವುಗಳನ್ನು ಮೂರು ಬೇರೆ ಘಟಕಗಳಾಗಿ ಕಟ್ಟಿ, ಬಗೆಯ ಹೆಸರನ್ನೇ ಘಟಕದ ಹೆಸರಾಗಿಸಿ ಕಳಿಸಬೇಕು. ಆಗ ಮಾದರಿಯನ್ನು ಎಂದೂ ತೆರೆಯದ ನಕ್ಷೆಗಾರನೂ ಗೋಡೆಯ ಒಂದು ತುದಿಯನ್ನು ಒತ್ತಿದರೆ, ಅದು ಮೂರರಲ್ಲಿ ಯಾವ ಬಗೆಯ ಮೂಲೆ ಎಂಬುದು ಅವನ ಪರದೆಯ ಮೇಲೆ ಬರುತ್ತದೆ.