ಡೋಣಿಯ ಸವಳು ನೀರೂ ಪ್ರಾಚೀನರ ಜಲಶೋಧನೆಯೂ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗಳ ಉತ್ತರಕ್ಕೆ ಭೀಮೆಯೂ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆಯೂ ಹರಿಯುತ್ತವೆ. ಇವೆರಡರ ನಡುವೆ, ಜತ್ತ ಪ್ರಾಂತದಲ್ಲಿ ಹುಟ್ಟಿದ ಡೋಣಿಯು ತಾಳಿಕೋಟೆಯ ಮಗ್ಗುಲಲ್ಲಿ ಹಾಯ್ದು ಕೃಷ್ಣೆಯನ್ನು ಸೇರುವುದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆಗೆ ಕಾರಣವಾದ ಎರೆಭೂಮಿ ಇದರದು. ನೀರು ಮಾತ್ರ ಸವಳು. ಇಂಥ ನೀರನ್ನು ಸಸ್ಯಗಳಿಂದ ಶೋಧಿಸಬಹುದೆಂಬ ಮಾತು ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿದೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ವಿಚಾರಾರ್ಹವಾಗಿದೆ.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಅಂಜನ, ಮುಸ್ತೆ, ಲಾವಂಚ, ರಾಜಕೋಶಾತಕ, ನೆಲ್ಲಿ ಇವುಗಳ ಚೂರ್ಣವನ್ನು ಕತಕಫಲದೊಡನೆ ಬಾವಿಗೆ ಹಾಕಬೇಕೆಂದು ವಿಧಿಸಿರುವನು. ಅದರಿಂದ ಕಲುಷವೂ ಕಟುವೂ ಲವಣವೂ ಆದ ನೀರು ನಿರ್ಮಲವಾಗಿ ಸುರಸವಾಗುವುದೆಂದು ಅವನ ಅಭಿಪ್ರಾಯ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿಯೂ ಏಳು ಜಲಪ್ರಸಾದನಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಮೊದಲನೆಯದು ಕತಕವೇ, ಎಂದರೆ ಚಿಲ್ಲದ ಬೀಜ. ಆದರೆ ಅಲ್ಲಿ ಕಲುಷಜಲದ ಪ್ರಸ್ತಾವವಿದೆಯೇ ಹೊರತು ಲವಣಜಲದ ಪ್ರಸ್ತಾವವಿಲ್ಲ.

ಈ ಭೇದವೇ ಮುಖ್ಯವಾದುದು. ಕಲುಷವೆಂದರೆ ನೀರಿನಲ್ಲಿ ತೇಲುವ ಮಣ್ಣು. ಕತಕದ ಪುಡಿಯು ಅದನ್ನು ಒಟ್ಟುಗೂಡಿಸಿ, ತಾನೂ ಅದರೊಡನೆ ತಳವನ್ನು ಸೇರುವುದು. ಆತ್ಮಬೋಧದ ಪ್ರಸಿದ್ಧ ದೃಷ್ಟಾಂತಕ್ಕೆ ಇದೇ ಮೂಲ. ಲವಣವಾದರೋ ಕರಗಿರುವುದರಿಂದ ತಳಕ್ಕೆ ಇಳಿಯದು. ಆದುದರಿಂದ ವರಾಹಮಿಹಿರನ ಯೋಗದಿಂದ ನೀರು ತಿಳಿಯಾದೀತು, ನೆಲ್ಲಿ ಲಾವಂಚಗಳಿಂದ ರುಚಿ ಮರೆಯಾದೀತು, ಸವಳು ಹೋಗಲಾರದು.

ಲವಣವನ್ನು ನಿಜವಾಗಿ ಹೀರುವ ಸಸ್ಯಗಳು ಬೇರೆ. ಸವಳು ನೆಲದಲ್ಲಿ ಬೆಳೆಯುವ ರುದಂತಿಯು ಹೀರಿದ ಉಪ್ಪನ್ನು ಎಲೆಗಳ ಗ್ರಂಥಿಗಳಿಂದ ಹೊರಗೆಡಹುವುದು. ಎಲೆ ಹನಿಗೂಡುವುದನ್ನು ಕಂಡೇ ಪ್ರಾಚೀನರು ಇದನ್ನು ಅಳುವವಳೆಂದು ಕರೆದರು. ರಾಜನಿಘಂಟು ಇದಕ್ಕೆ ಸ್ರವತ್ತೋಯಾ ಎಂಬ ಪರ್ಯಾಯವನ್ನೂ, ಕಡಲೆಯ ಎಲೆಯನ್ನು ಹೋಲುವುದರಿಂದ ಚಣಪತ್ರೀ ಎಂಬುದನ್ನೂ ಕೊಡುತ್ತದೆ. ಆದರೆ ಎಲೆಯ ಮೇಲಿನ ಉಪ್ಪು ಮಳೆಗೆ ತೊಳೆದು ಮರಳಿ ನೆಲಕ್ಕೇ ಸೇರುವುದು. ಬೇರೆ ಕೆಲವು ಸವಳುಗಿಡಗಳು ಉಪ್ಪನ್ನು ಮೈಯಲ್ಲಿಯೇ ಕೂಡಿಡುತ್ತವೆ. ಅಂಥವನ್ನು ಸುಟ್ಟ ಬೂದಿಯಿಂದ ಸರ್ಜಿಕಾಕ್ಷಾರವನ್ನು ತೆಗೆಯುವ ಪದ್ಧತಿಯಿತ್ತು. ಗಿಡ ಸುಟ್ಟರೂ ಕ್ಷಾರವು ಬೂದಿಯಲ್ಲಿ ಉಳಿಯುವುದೆಂಬುದು ಪ್ರಾಚೀನ ವೈದ್ಯರಿಗೆ ಗೊತ್ತಿದ್ದ ಸಂಗತಿಯೇ.

ಇದರಿಂದ ಫಲಿಸುವುದಿಷ್ಟು. ಡೋಣಿಯ ದಂಡೆಯಲ್ಲಿ ಇಂಥ ಗಿಡಗಳನ್ನು ಬೆಳೆಸಿದ ಮಾತ್ರದಿಂದ ನೀರು ಶುದ್ಧವಾಗದು. ಕೊಯ್ದು ಹೊರಗೆ ಸಾಗಿಸಿದಷ್ಟೇ ಲವಣ ಕಳೆಯುವುದು. ಅದೂ ಅಲ್ಪವಾದುದರಿಂದ ಬಸಿಗಾಲುವೆಯ ನೆರವು ಬೇಕೇ ಬೇಕು. ಕತಕದ ಕೀರ್ತಿಗೆ ಇದರಿಂದ ಕುಂದಿಲ್ಲ. ಅದು ಕಲುಷಕ್ಕೆ ಮದ್ದು, ಲವಣಕ್ಕಲ್ಲ. ತಿಳಿಯಾದುದೆಲ್ಲ ಸಿಹಿನೀರಲ್ಲವೆಂಬ ವಿವೇಕವಿಲ್ಲದೆ ಶಾಸ್ತ್ರವಾಕ್ಯವನ್ನು ಬಾವಿಗೆ ಪ್ರಯೋಗಿಸತಕ್ಕದ್ದಲ್ಲ.