ವ್ಯಾಕರಣದಿಂದ ಮಾತಿನವರೆಗೆ

ನಾನು ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದವನು. ನಮ್ಮ ಕಾಲದ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಎಂದರೆ ವ್ಯಾಕರಣ, ಭಾಷಾಂತರ, ಕಂಠಪಾಠ. ರೆನ್ ಮತ್ತು ಮಾರ್ಟಿನ್ ವ್ಯಾಕರಣವನ್ನು ಅರೆದು ಕುಡಿದವರಿಗೂ ಬ್ಯಾಂಕಿನ ಕೌಂಟರ್ ಮುಂದೆ ಬಾಯಿ ಕಟ್ಟುತ್ತಿತ್ತು.

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ನಾಲ್ಕು ರಾಜ್ಯಗಳ ಶಿಕ್ಷಕರು ಅಲ್ಲಿ ತರಬೇತಿ ಪಡೆದರು. ಉಚ್ಚಾರಣೆ, ಸಂಭಾಷಣೆಗಳೂ ಪಾಠವಾದವು. ನಾನೂ ತರಗತಿಯಲ್ಲಿ ಮಕ್ಕಳ ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿಸುತ್ತಿದ್ದೆ. ‘ಪೆನ್’ ಎಂದಾಗ ಕಾಗದ ಅಲುಗಿದರೆ ಉಸಿರು ಸರಿಯಾಗಿ ಹೊಮ್ಮಿತೆಂದು ಅರ್ಥ. ‘ವ್ಯಾನ್’ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ‘ವಾಟರ್’ಗೆ ತುಟಿ ದುಂಡಗಾಗಬೇಕು. ಸಂಕೋಚದ ಹುಡುಗಿಯರೂ ಈ ಅಭ್ಯಾಸದಲ್ಲಿ ದನಿ ಎತ್ತುತ್ತಿದ್ದರು.

ಶಾಲೆಯ ಹೊರಗೆ ಕಲಿಯಬೇಕೆಂದವರ ಕೈಗೆ ಕಪಿಲ್ ದೇವ್ ಜಾಹೀರಾತಿನ ರ‍್ಯಾಪಿಡೆಕ್ಸ್ ಬಂತು. ಕನ್ನಡದಲ್ಲೇ ವಿವರಣೆಯಿದ್ದ ಆ ಪುಸ್ತಕ ಅಂಗಡಿಯವರಿಗೂ ಗುಮಾಸ್ತರಿಗೂ ಧೈರ್ಯ ಕೊಟ್ಟಿತು. 2007ರಿಂದ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಕಾಲಿಟ್ಟಿತು.

ಇಷ್ಟೆಲ್ಲ ಆದರೂ ನಮ್ಮ ಪರೀಕ್ಷೆಗಳು ಹೆಚ್ಚಾಗಿ ಅಳೆಯುವುದು ಬರವಣಿಗೆಯನ್ನೇ. ಶಿಕ್ಷಕ ಮಿತ್ರರೇ, ದಿನಕ್ಕೆ ಹತ್ತು ನಿಮಿಷ ಮಕ್ಕಳಿಗೆ ಮಾತಾಡಲು ಬಿಡಿ. ತಪ್ಪನ್ನು ಆಮೇಲೆ ತಿದ್ದಿ.